ಹಬ್ ಬಂತಾ, ಅತ್ತಿಗೆ?

ಕುಕ್ಕರಿನ ಗ್ಯಾಸ್ಕೆಟ್ ತರಲು ಹೋದವಳು ಕಣ್ಣೊರೆಸಿಕೊಂಡು ಮನೆಗೆ ಬಂದಳು ಅಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನಮ್ಮ ಹೂಡಿಯ ಪಾತ್ರೆ ಅಂಗಡಿಯವನೂ ಮೊದಲು ನಕ್ಕಿದ್ದ.

"ಯಾವ ಕಂಪನಿ ಮೇಡಂ?" ಅಂದ. ಹೇಳಿದೆ.

"ಒಳಗಡೆ ಮುಚ್ಚಳದ್ದೋ, ಹೊರಗಡೆ ಮುಚ್ಚಳದ್ದೋ?"

"ಒಳಗಡೆದು."

"ಮೂರು ಲೀಟ್ರೋ, ಐದೋ?"

ಇಷ್ಟು ವರ್ಷ ಬೇಳೆ ಬೇಯಿಸಿದ್ದೇನೆ, ಕುಕ್ಕರ್ ಎಷ್ಟು ಲೀಟರಿನದು ಅಂತ ಒಮ್ಮೆಯೂ ನೋಡಿಲ್ಲ. ಎರಡು ಕೈಯ ಬೆರಳು ಸೇರಿಸಿ ಗಾಳಿಯಲ್ಲೇ ಒಂದು ಉಂಗುರ ಮಾಡಿ, "ಇಷ್ಟಗಲ" ಎಂದು ತೋರಿಸಿದೆ.

"ಕೈಯಲ್ಲಿ ತೋರ್ಸಕ್ಕೆ ಇದೇನು ಕುಂಬಳಕಾಯಾ ಮೇಡಂ? ಹಳೇದು ತಗೊಂಬನ್ನಿ. ಒಂದು ನೂಲು ಹೆಚ್ಚುಕಮ್ಮಿ ಆದ್ರೂ ಕೂರಲ್ಲ."

ಕೂರಲ್ಲ. ಆ ಒಂದು ಮಾತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡೆ. ಅವನು ಗಾಬರಿಯಾಗಿ, "ಅಯ್ಯೋ, ತಮಾಷೆಗಂದೆ ಮೇಡಂ, ಎರಡೂ ಸೈಜ್ ತಗೊಂಡೋಗಿ, ಆಗ್ದಿದ್ದು ವಾಪಸ್ ಕೊಡಿ" ಅಂದ. ಇದು ಕುಕ್ಕರಿನ ದುಃಖ ಅಲ್ಲಪ್ಪ, ಸೈಕಲ್ಲಿನ ದುಃಖ ಅಂತ ಅವನಿಗೆ ಹೇಗೆ ಹೇಳಲಿ?

ಅಳತೆಗೂ ನನಗೂ ಚಿಕ್ಕಂದಿನಿಂದ ಆಗಿಬರುವುದಿಲ್ಲ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಜಡೆಗೆ ಕಟ್ಟುವ ಬಿಳಿ ರಿಬ್ಬನ್ನು ಸರಿಯಾಗಿ ಒಂದಿಂಚು ಅಗಲ ಇರಬೇಕು ಅಂತ ಅಲ್ಲಿನ ಕಟ್ಟಳೆ. ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಸಿಸ್ಟರ್ ಒಬ್ಬರು ಮರದ ಸ್ಕೇಲು ಹಿಡಿದು ಸಾಲಿನುದ್ದಕ್ಕೂ ಬರುತ್ತಿದ್ದರು. ಅವರ ಮೈಯಿಂದ ಸೋಪಿನ ವಾಸನೆ, ಸ್ಕೇಲಿನಿಂದ ಸೀಮೆಸುಣ್ಣದ ವಾಸನೆ. ಅಮ್ಮ ಸಂತೆಯಲ್ಲಿ ಮೊಳದ ಲೆಕ್ಕದಲ್ಲಿ ತಂದಿದ್ದ ರಿಬ್ಬನ್ನು ಮುಕ್ಕಾಲಿಂಚು ಇತ್ತು. "ದಿಸ್ ಈಸ್ ನಾಟ್ ಎ ರಿಬ್ಬನ್, ಚೈಲ್ಡ್, ದಿಸ್ ಈಸ್ ಎ ಶೂಲೇಸ್" ಅಂದರು. ಮನೆಗೆ ಬಂದು ಗೋಳಾಡಿದೆ. ಅಮ್ಮ ಎರಡು ರಿಬ್ಬನ್ನು ಸೇರಿಸಿ ಹೊಲಿದುಕೊಟ್ಟಳು. ಈಗ ಒಂದೂವರೆ ಇಂಚಾಯಿತು. ತಲೆಯ ಎರಡೂ ಕಡೆ ಕೊಕ್ಕರೆ ಕೂತ ಹಾಗೆ ಕಾಣುತ್ತಿದ್ದೆನಂತೆ. ಮುಂದಿನ ಸೋಮವಾರವೂ ಸಾಲಿನಿಂದ ಹೊರಗೆ ನಿಂತೆ. ಕಮ್ಮಿ ಆದರೂ ತಪ್ಪು, ಹೆಚ್ಚಾದರೂ ತಪ್ಪು ಅನ್ನುವ ಒಂದು ಲೋಕ ಇದೆ ಅಂತ ಮೊದಲು ತಿಳಿದದ್ದು ಆವತ್ತು.

ಆ ಲೋಕದ ಮನುಷ್ಯನೊಬ್ಬ ನನ್ನ ಮೈದುನನಾಗಿ ಸಿಗುತ್ತಾನೆ ಅಂತ ಆಗ ಏನು ಗೊತ್ತಿತ್ತು?

ಪ್ರಸನ್ನ ನಮ್ಮವರ ತಮ್ಮ. ನಾನು ಮದುವೆಯಾಗಿ ಬಂದಾಗ ಇನ್ನೂ ಡಿಪ್ಲೊಮಾ ಓದುತ್ತಿದ್ದ. ಆಗ ಹೂಡಿ ಮುಕ್ಕಾಲು ಪಾಲು ಹಳ್ಳಿಯೇ. ಮನೆಯ ಹಿಂದೆ ದ್ರಾಕ್ಷಿ ಚಪ್ಪರದ ಕಲ್ಲುಕಂಬಗಳಿದ್ದವು. ಈಗ ಅಲ್ಲೊಂದು ಗಾಜಿನ ಕಟ್ಟಡ, ಮಧ್ಯಾಹ್ನವಾದರೆ ಅದರ ಬಿಸಿಲು ನಮ್ಮ ಅಡುಗೆಮನೆಗೆ ಹೊಡೆಯುತ್ತದೆ. ನನ್ನ ತವರಿನಿಂದ ಸ್ಟೀಲಿನ ಬೀರು ಲಾರಿಯಲ್ಲಿ ಬಂದಿಳಿದಾಗ ಊರಿನವರೆಲ್ಲ ನೋಡಲು ನಿಂತಿದ್ದರು. ನಾಲ್ಕು ಜನ ಹೊತ್ತು ಬಾಗಿಲಿಗೆ ತಂದರು. ಈ ಹುಡುಗ ಮಾತ್ರ ಒಂದು ಟೇಪು ತಂದು ಬೀರನ್ನೂ ಅಳೆದ, ಬಾಗಿಲನ್ನೂ ಅಳೆದ. ಆಮೇಲೆ ತಣ್ಣಗೆ, "ಅಣ್ಣಾ, ಕೂರಲ್ಲ" ಅಂದ. ನನ್ನ ಕಿವಿಗೆ ಬಿದ್ದ ಅವನ ಮೊದಲ ಮಾತು ಅದು. ಯಾರೂ ಕೇಳಲಿಲ್ಲ. ಓರೆ ಮಾಡಿದರು, ಮಲಗಿಸಿದರು, ಗೋಡೆಯ ಸುಣ್ಣ ಕಿತ್ತರು. ಕೊನೆಗೆ ಬಡಗಿಯನ್ನು ಕರೆಸಿ ಬಾಗಿಲ ಚೌಕಟ್ಟನ್ನೇ ತೆಗೆಸಬೇಕಾಯಿತು. ಹೊಸ ಸೊಸೆಗೆ ಬಾಗಿಲೇ ಬಿಚ್ಚಿ ಸ್ವಾಗತ ಕೊಟ್ಟ ಮನೆ ಈ ಸುತ್ತಿನಲ್ಲಿ ಇನ್ನೊಂದಿಲ್ಲ ಅಂತ ಪ್ರಸನ್ನ ಆಮೇಲೆ ನೆಂಟರಿಗೆಲ್ಲ ಹೇಳಿಕೊಂಡು ತಿರುಗಿದ.

ಮುಂದೆ ಅವನಿಗೆ ಕೆಲಸ ಸಿಕ್ಕಿದ್ದೂ ಅಳೆಯುವುದರಲ್ಲೇ. ವೈಟ್‌ಫೀಲ್ಡ್ ಕಡೆಯ ಒಂದು ಕಾರ್ಖಾನೆಯಲ್ಲಿ, ತಯಾರಾದ ಬಿಡಿಭಾಗಗಳು ಅಳತೆಗೆ ಸರಿ ಇವೆಯೋ ಇಲ್ಲವೋ ನೋಡಿ ಪಾಸು ಮಾಡುವ ಕೆಲಸ. ವರ್ನಿಯರ್ ಅನ್ನುವ ಒಂದು ಉಕ್ಕಿನ ಇಕ್ಕಳ ಸದಾ ಅವನ ಬ್ಯಾಗಿನಲ್ಲಿ. ಭಾನುವಾರ ನನ್ನ ಚಪಾತಿಯ ದಪ್ಪವನ್ನು ಅದರಲ್ಲಿ ಹಿಡಿದು, "ಅತ್ತಿಗೆ, ಈ ಅಂಚು ಎರಡು ಮಿಲಿಮೀಟರು, ಆ ಅಂಚು ಮೂರೂವರೆ. ರಿಜೆಕ್ಟ್" ಅಂದು, ರಿಜೆಕ್ಟ್ ಆದದ್ದನ್ನೆಲ್ಲ ತಾನೇ ತಿನ್ನುತ್ತಿದ್ದ.

ಅತ್ತೆ ಅವನ ಮದುವೆಗೆ ಜಾತಕ ಹಿಡಿದು ಅಲೆಯುತ್ತಿದ್ದರು. ಒಂದು ಕಡೆ ಗಣ ಕೂಡಲಿಲ್ಲ, ಇನ್ನೊಂದು ಕಡೆ ನಾಡಿ ಅಡ್ಡ ಬಂತು. "ಅಡಾಪ್ಟರ್ ಹಾಕೋಕಾಗಲ್ವಾಮ್ಮ ಜಾತಕಕ್ಕೆ?" ಅನ್ನುತ್ತಿದ್ದ ಇವನು. "ನಿನ್ ತಲೆ. ಮೊದ್ಲು ಆ ಸೈಕಲ್ಲು ಬುಡು, ಎಣ್ಣು ತಾನಾಗೇ ಸಿಕ್ತದೆ" ಅನ್ನುತ್ತಿದ್ದರು ಅತ್ತೆ. ಅವರ ಬಾಯಲ್ಲಿ 'ಹ' ನಿಲ್ಲುವುದಿಲ್ಲ. ಹೂಡಿ ಊಡಿಯಾಗುತ್ತದೆ, ಹಾಲು ಆಲಾಗುತ್ತದೆ. ನನ್ನ ಕಾನ್ವೆಂಟ್ ಕಿವಿಗೆ ಮೊದಮೊದಲು ವಿಚಿತ್ರವಾಗಿತ್ತು. ಈಗ ಯಾರಾದರೂ 'ಹಾಲು' ಅಂದರೆ ಸ್ವಲ್ಪ ನೀರು ಬೆರೆಸಿದ ಹಾಗೆ ಕೇಳುತ್ತದೆ.

ಸೈಕಲ್ಲು ಅಂದೆನಲ್ಲ, ಅದು ಪೇಪರ್ ಹಾಕುವವರ ಸೈಕಲ್ಲಲ್ಲ. ಬೆಟ್ಟ ಗುಡ್ಡ ಹತ್ತುವ, ದಪ್ಪ ಟೈರಿನ ಸೈಕಲ್ಲು. ಭಾನುವಾರ ನಸುಕಿಗೇ ಗೆಳೆಯರ ಜೊತೆ ನಂದಿ ಬೆಟ್ಟದ ಹಿಂಬದಿಗೆ ಹೋಗಿ, ಮೈಯೆಲ್ಲ ಕೆಂಪು ಧೂಳು ಮಾಡಿಕೊಂಡು ಊಟದ ಹೊತ್ತಿಗೆ ಬರುತ್ತಿದ್ದ. ಅದನ್ನು ಅವನು ಅಂಗಡಿಯಿಂದ ಇಡಿಯಾಗಿ ತಂದವನೂ ಅಲ್ಲ. ಒಂದೊಂದೇ ಭಾಗ ತರಿಸಿ ಕೂಡಿಸುವುದು ಅವನ ರೀತಿ. ಮೊದಲು ಸೀಟು ಬಂತು, ಅದು ತಿಂಗಳುಗಟ್ಟಲೆ ಟಿವಿಯ ಪಕ್ಕ ಕೂತಿತ್ತು. ಆಮೇಲೆ ಹ್ಯಾಂಡಲ್; ಅದನ್ನು ಬಟ್ಟೆ ಒಣಗಿಸುವ ತಂತಿಗೆ ನೇತುಹಾಕಿದ್ದ, ನಾನು ಅದರ ಮೇಲೆ ಕಾಲುಚೀಲ ಒಣಗಿಸಿದೆ. ಆಮೇಲೆ ಗಾಲಿ. ಎಲ್ಲದಕ್ಕಿಂತ ಕೊನೆಗೆ ಫ್ರೇಮ್, ಅಂದರೆ ಸೈಕಲ್ಲಿನ ಮೈ. "ಮನೆ ಕಟ್ಟೋರು ಮೊದ್ಲು ಚಿಲ್ಕ ತತ್ತಾರೇನ್ಲಾ?" ಅಂತ ಅತ್ತೆ ಕೇಳಿದರೆ, "ಚಿಲ್ಕ ಮನೇಲಿದ್ರೆ ಬಾಗಿಲು ತರಲೇಬೇಕು ಅನ್ಸುತ್ತಮ್ಮ" ಅಂದ.

ಒಂದು ಭಾನುವಾರ ನನಗೆ ಪಾಠ ಮಾಡಿದ. ಗಾಲಿಯ ಕಡ್ಡಿಗಳೆಲ್ಲ ನಡುವೆ ಬಂದು ಸೇರುವ ಉರುಟು ಭಾಗವಿದೆಯಲ್ಲ, ಅದು ಹಬ್. ಅದು ಫ್ರೇಮಿನ ಹಿಂದಿನ ಎರಡು ಕಾಲುಗಳ ನಡುವೆ ಕೂರಬೇಕು. ಹಬ್ಬಿನ ಅಗಲ, ಆ ಸಂದಿನ ಅಗಲ, ಎರಡೂ ಒಂದೇ ಇರಬೇಕು. ಹಳೆಯ ಸೈಕಲ್ಲುಗಳಿಗೆ ನೂರ ಮೂವತ್ತೈದು ಮಿಲಿಮೀಟರ್. ಆಮೇಲೆ ನೂರ ನಲವತ್ತೆರಡು ಬಂತು. ಈಗ ನೂರ ನಲವತ್ತೆಂಟು, ಅದಕ್ಕೆ ಬೂಸ್ಟ್ ಅಂತ ಹೆಸರು.

"ಹಾಲಿಗೆ ಹಾಕೋ ಪುಡಿಯಾ?" ಅಂದೆ.

"ಅಯ್ಯೋ ಅತ್ತಿಗೆ! ಹಬ್ ಅಗಲ ಆದ್ರೆ ಕಡ್ಡಿಗಳು ಕಾಲು ಅಗಲಿಸಿ ನಿಂತ ಹಾಗೆ ನಿಲ್ತವೆ, ಗಾಲಿ ಗಟ್ಟಿ ಆಗುತ್ತೆ. ಅದಕ್ಕೆ ಆ ಹೆಸರು."

"ಹಾಗಾದ್ರೆ ಹೊಸದನ್ನೇ ನಿನ್ನ ಸೈಕಲ್ಲಿಗೆ ಹಾಕ್ಕೋ."

"ನಿಮ್ಮ ಬೀರು ನೆನಪಿದೆಯಾ? ಸಣ್ಣ ಬೀರನ್ನ ದೊಡ್ಡ ಬಾಗಿಲಲ್ಲಿ ತರಬಹುದು, ಪಕ್ಕದಲ್ಲಿ ಏನಾದ್ರೂ ತುರುಕಿ ನಿಲ್ಲಿಸಬಹುದು. ದೊಡ್ಡ ಬೀರು ಸಣ್ಣ ಬಾಗಿಲಲ್ಲಿ ಕೂರಲ್ಲ. ನನ್ನ ಫ್ರೇಮ್ ಹಳೇ ಅಳತೆ. ನೂರ ನಲವತ್ತೆಂಟು ಬೇಕಂದ್ರೆ ಫ್ರೇಮೇ ಬೇರೆ ಬೇಕು. ಫ್ರೇಮ್ ಬೇರೆ ಆದ್ರೆ ಮುಂದಿನ ಗಾಲಿನೂ ಬೇರೆ, ಪೆಡಲಿನ ಹತ್ತಿರದ ಹಲ್ಲಿನ ಚಕ್ರನೂ ಮೂರು ಮಿಲಿಮೀಟರ್ ಆಚೆ ಹೋಗ್ಬೇಕು. ಒಂದನ್ನ ಬದಲಾಯಿಸಿದ್ರೆ ಎಲ್ಲಾನೂ ಬದಲಾಯಿಸ್ಬೇಕು."

ನನಗೆ ಅರ್ಧ ಅರ್ಥವಾಯಿತು. ಉಳಿದರ್ಧದ ಹೊತ್ತಿಗೆ ಸಾರು ಉಕ್ಕಿತು.

ಆ ವರ್ಷದ ಕೊನೆಯಲ್ಲಿ ಒಂದು ಇಳಿಜಾರಿನಲ್ಲಿ ಬಿದ್ದ. ಅವನಿಗೇನೂ ಆಗಲಿಲ್ಲ, ಹಿಂದಿನ ಗಾಲಿಯ ಹಬ್ ಸೀಳಿತು. ಗಾಲಿ ಕಳಚಿ ಎಸೆದು, ಸೈಕಲ್ಲನ್ನು ಮೆಟ್ಟಿಲ ಕೆಳಗೆ ಮಂಡಿಯೂರಿದ ಹಾಗೆ ನಿಲ್ಲಿಸಿದ. "ಹೊಸದು ನೋಡೋಣ" ಅಂದ. ನೋಡುವುದರೊಳಗೆ ಜ್ವರ ಬಂತು, ಬಿಡಲಿಲ್ಲ. ತೋಳಿನ ಮೇಲೆ ನೀಲಿ ಕಲೆಗಳು. ಸೈಕಲ್ಲಿನಿಂದ ಬಿದ್ದಾಗ ಆದದ್ದು ಅಂತ ನಾನು ಅಂದುಕೊಂಡಿದ್ದೆ. ರಕ್ತದ ಕಾಯಿಲೆ ಅಂದರು. ಆಸ್ಪತ್ರೆಯ ಡಾಕ್ಟರು ನಮ್ಮವರನ್ನೂ ನನ್ನನ್ನೂ ಬೇರೆ ಕೋಣೆಗೆ ಕರೆದು, ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಅಂದರು. ಪ್ರಸನ್ನನಿಗೆ ಎಷ್ಟು ಹೇಳಿದರೋ ನಮಗೆ ಗೊತ್ತಿಲ್ಲ. ಅವನು ಕೇಳಲಿಲ್ಲ, ನಾವು ಹೇಳಲಿಲ್ಲ. ಅತ್ತೆಗೆ ಮಾತ್ರ ಮುಖ ನೋಡಿಯೇ ತಿಳಿದುಹೋಯಿತು.

ಆಸ್ಪತ್ರೆಯಲ್ಲಿ ಅವನು ನಗುತ್ತಲೇ ಇದ್ದ. ಕೂದಲು ಉದುರಿದ ತಲೆ ಸವರಿಕೊಂಡು, "ಗಾಳಿ ತಡೆಯಲ್ಲ ಈಗ, ಇನ್ನೂ ಜೋರಾಗಿ ಹೋಗ್ಬಹುದು" ಅನ್ನುವನು. ಅತ್ತೆ ಬಂದರೆ ಮುಂದಿನ ವರ್ಷದ ಮಾತು. ಮುಂದಿನ ವರ್ಷ ಮಾಳಿಗೆಗೆ ಶೀಟು ಹಾಕಿಸ್ತೀನಿ, ಮುಂದಿನ ವರ್ಷ ನಿನ್ನ ತಿರುಪತಿಗೆ ಕರ್ಕೊಂಡೋಗ್ತೀನಿ. ಅತ್ತೆ ಎಲ್ಲಕ್ಕೂ "ಊಂ ಕಂದ" ಅಂದು, ಹೊರಗೆ ಬಂದು ವರಾಂಡದ ಕಬ್ಬಿಣದ ಕುರ್ಚಿಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಕೂರುತ್ತಿದ್ದರು.

ಆ ದಿನಗಳಲ್ಲೇ ಅವನು ಫೋನಿನಲ್ಲಿ ಕೇಳುತ್ತಿದ್ದದ್ದು: "ಹಬ್ ಬಂತಾ, ಅತ್ತಿಗೆ?" ಹಾಸಿಗೆಯಲ್ಲಿ ಮಲಗಿಕೊಂಡೇ ಹೊರದೇಶದಿಂದ ಹಿಂದಿನ ಗಾಲಿ ತರಿಸಲು ಹೇಳಿದ್ದ. ಗಾಲಿ ಇಡಿಯಾಗಿಯೇ ಬರುತ್ತಿತ್ತು, ಅವನಿಗೆ ಮಾತ್ರ ಅದು ಹಬ್. ಅದು ಕಸ್ಟಮ್ಸ್‌ನಲ್ಲಿ ಎಲ್ಲೋ ಸಿಕ್ಕಿಕೊಂಡಿತ್ತು. ಒಂದು ಸಲ ಸ್ಪೀಕರ್ ಹಾಕಿದ್ದೆ. ಅತ್ತೆ ಸೊಪ್ಪು ಬಿಡಿಸುತ್ತಿದ್ದವರು ತಲೆಯೆತ್ತಿ, "ಅಬ್ಬುಕ್ಕೆ ಇನ್ನಾ ದಿನ ಐತಲ್ಲೋ ಕಂದ. ಗೌರಿ ಅಬ್ಬ ಬರೋದ್ರೊಳ್ಗೆ ನೀನೇ ಮನೇಗ್ ಬಂದಿರ್ತೀಯ" ಅಂದರು. ಅತ್ತ ಕಡೆ ಪ್ರಸನ್ನ ನಗಲು ಹೋಗಿ ಕೆಮ್ಮಿದ. "ಹೂಂ ಅಮ್ಮ, ಬಂದಿರ್ತೀನಿ. ಕಡುಬು ಮಾಡು." ಆಮೇಲೆ ಅದೇ ಅಭ್ಯಾಸವಾಯಿತು. ಅವನು ಹಬ್ ಬಂತಾ ಅನ್ನುವುದು, ಅತ್ತೆ ಅಬ್ಬುಕ್ಕೆ ಇನ್ನೂ ದಿನ ಇದೆ ಅನ್ನುವುದು. ಇಬ್ಬರ ನಡುವೆ ನಾನು ಫೋನು ಹಿಡಿದು ನಿಲ್ಲುವುದು. ಒಮ್ಮೆಯೂ ತಿದ್ದಲಿಲ್ಲ. ತಿದ್ದಬೇಕು ಅಂತ ಅನ್ನಿಸಲೂ ಇಲ್ಲ.

ಗೌರಿ ಹಬ್ಬಕ್ಕೆ ಮೊದಲೇ ಅವನು ಹೋದ.

ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬ ಮಾಡುವುದಿಲ್ಲ. ನಮ್ಮ ಬೀದಿಯವರೆಲ್ಲ ಬಾಗಿಲಿಗೆ ಮಾವಿನ ಸೊಪ್ಪು ಕಟ್ಟುವ ದಿನ ನಮ್ಮ ಹೊಸಿಲು ಬೋಳಾಗಿತ್ತು. ಪಕ್ಕದ ಮನೆಯಾಕೆ ರಂಗೋಲಿ ಹಾಕುತ್ತಾ ನಮ್ಮ ಗೋಡೆಯ ಹತ್ತಿರ ಬಂದಾಗ ಎಳೆಯನ್ನು ಕಿರಿದು ಮಾಡಿ ಹಿಂದಕ್ಕೆ ತಿರುಗಿಸಿಕೊಂಡಳು. ಅಂಥ ಮಧ್ಯಾಹ್ನ ಕೊರಿಯರಿನವನು ದೊಡ್ಡ ಚಪ್ಪಟೆ ಪೆಟ್ಟಿಗೆಯೊಂದನ್ನು ತಂದು ಕಾಂಪೌಂಡಿಗೆ ಒರಗಿಸಿದ. "ಪ್ರಸನ್ನ ಸಾರ್ ಇದಾರಾ ಮೇಡಂ?" ಅಂದ. ನಮ್ಮವರು ರುಜು ಹಾಕಿದರು. ಪೆಟ್ಟಿಗೆಯ ಮೇಲಿನ ಚೀಟಿ ಓದಿ, ಯಾರಿಗೂ ಅಲ್ಲ ಅನ್ನುವ ಹಾಗೆ, "ಹಬ್ ಬಂತು" ಅಂದರು.

ಒಳಗಿನಿಂದ ಅತ್ತೆ ಅಂದರು: "ಬಂದ್ರೆ ಬರ್ಲಿ ಬುಡು. ಈ ವರ್ಸ ನಮ್ಗೆ ಅಬ್ಬ ಇಲ್ಲ."

ಪೆಟ್ಟಿಗೆ ಬಿಚ್ಚದೆ ಬೀರಿನ ಮೇಲೆ ಏರಿಸಿದೆವು. ಅಲ್ಲೇ ಇತ್ತು.

ಅತ್ತೆ ಅಳುತ್ತಿರಲಿಲ್ಲ. ಅದೇ ನನಗೆ ಭಯ. ಅಳುವ ಬದಲು ಒಂದೇ ಮಾತನ್ನು ಆಡುತ್ತಿದ್ದರು. ಅಕ್ಕಿ ಆರಿಸುವಾಗ, ನಾನು ಅವರ ಕಾಲಿಗೆ ಎಣ್ಣೆ ತಿಕ್ಕುವಾಗ. "ಅವ್ನಿಗೆ ಗೊತ್ತಿತ್ತು ಕಣಮ್ಮಿ. ಗೊತ್ತಿದ್ದೂ ನನ್ ಮುಂದೆ ನಾಟ್ಕ ಆಡ್ದ. ಮುಂದಿನ್ ವರ್ಸ, ಮುಂದಿನ್ ವರ್ಸ ಅಂತ. ನಾನೂ ಊಂ ಊಂ ಅಂತ ಸುಳ್ಳಾಡ್ದೆ. ಒಳ್ಗೆ ಎಷ್ಟ್ ಎದ್ರಿದ್ನೋ ಏನೋ, ತಾಯಿ ಮುಂದೆ ಅತ್ತು ಅಗುರಾಗ್ದೆ ಒಬ್ನೇ ಓದ." ಹಾಗಲ್ಲ ಅತ್ತೆ ಅನ್ನಲು ನನ್ನ ಹತ್ತಿರ ಏನಿತ್ತು? ನಾನೂ ಹಾಗೇ ತಿಳಿದಿದ್ದೆ. ಎಲ್ಲ ಗೊತ್ತಿದ್ದು ನಗುತ್ತಾ ಹೋದ, ಎಷ್ಟು ಗಟ್ಟಿ ಜೀವ ಅಂತ ನೆಂಟರೆಲ್ಲ ಹೊಗಳುವಾಗ ನಾನೂ ತಲೆಯಾಡಿಸಿದ್ದೆ.

ವರ್ಷದ ತಿಥಿ ಹತ್ತಿರ ಬಂತು. ನಮ್ಮಲ್ಲಿ ಆವತ್ತು ಫೋಟೊದ ಮುಂದೆ ಎಡೆ ಇಡುತ್ತೇವೆ. ಹೋದವರು ಇಷ್ಟಪಟ್ಟು ತಿನ್ನುತ್ತಿದ್ದದ್ದು, ಉಡುತ್ತಿದ್ದದ್ದು, ಬೀಡಿ ಸೇದುವವರಾದರೆ ಬೀಡಿಯ ಕಟ್ಟು. ಅತ್ತೆ ಹೇಳಿಬಿಟ್ಟರು, "ಅವ್ನ ಸೈಕಲ್ಲು ಎಡೆ ಮುಂದೆ ನಿಲ್ಸ್ಬೇಕು. ಮುಕ್ಕಾದ್ದು ಇಡಬಾರ್ದು. ಅವನೇ ತರ್ಸಿರೋ ಗಾಲಿ ಐತಲ್ಲ, ಆಕ್ಸು."

ನಮ್ಮವರು ಬೀರಿನ ಮೇಲಿಂದ ಪೆಟ್ಟಿಗೆ ಇಳಿಸಿದರು. ಕಪ್ಪು ಗಾಲಿ, ರೇಷ್ಮೆ ಎಳೆಯ ಹಾಗೆ ಕಡ್ಡಿಗಳು. ಹಜಾರದಲ್ಲಿ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಗಾಲಿಯನ್ನು ಸಂದಿಗೆ ತಂದರು. ಹೋಗಲಿಲ್ಲ. ಓರೆ ಮಾಡಿದರು. ಹೋಗಲಿಲ್ಲ. ಫ್ರೇಮಿನ ಎರಡು ಕಾಲುಗಳನ್ನು ಎರಡು ಕೈಯಲ್ಲಿ ಹಿಡಿದು, ಮಂಡಿ ಕೊಟ್ಟು ಅಗಲಿಸಲು ನೋಡಿದರು. ಅದು ಕಬ್ಬಿಣವಲ್ಲ, ಅಲ್ಯೂಮಿನಿಯಂ. ಟಿಣ್ ಅಂತ ಸಣ್ಣ ಸದ್ದು ಬಂತು.

"ರೀ, ಬಿಡಿ, ಸೀಳಿಬಿಡುತ್ತೆ" ಅಂದೆ.

"ಒಂದು ಬೆರಳಗಲನೂ ಇಲ್ಲ ಕಣೇ," ಅಂದರು. "ಇಷ್ಟೇ ಇಷ್ಟು. ಇಷ್ಟಕ್ಕೆ ಹೋಗಲ್ಲ ಅಂದ್ರೆ?" ಮತ್ತೆ ಎಳೆದರು. ಆಮೇಲೆ ಫ್ರೇಮಿಗೆ ಹಣೆ ಒತ್ತಿ ಕೂತುಬಿಟ್ಟರು. ಸುಡುಗಾಡಿನಲ್ಲೂ ಎಲ್ಲರಿಗೂ ನೀರಿನ ಬಾಟಲಿ ಹಂಚುತ್ತಾ ಓಡಾಡಿದ ಮನುಷ್ಯ ಅವರು. ಅಷ್ಟು ತಿಂಗಳಾದ ಮೇಲೆ, ಒಂದು ಬೆರಳಗಲವೂ ಇಲ್ಲದ ಜಾಗದಲ್ಲಿ ಅವರ ದುಃಖ ಸಿಕ್ಕಿಕೊಂಡಿತು.

ನಾನು ಪ್ರಸನ್ನನ ವರ್ನಿಯರ್ ತಂದು ಅಳೆದೆ. ಫ್ರೇಮಿನ ಸಂದು ನೂರ ಮೂವತ್ತೈದು. ಹಬ್ಬು ನೂರ ನಲವತ್ತೆಂಟು. ಹದಿಮೂರು ಮಿಲಿಮೀಟರ್.

"ಪಾಪ, ತಪ್ಪು ತರಿಸಿದಾನೆ," ಅಂದರು ನಮ್ಮವರು ಮುಖ ಒರೆಸಿಕೊಂಡು. "ಆ ಔಷಧಿಗಳ ಮಂಪರು. ಎಚ್ಚರ ಎಲ್ಲಿತ್ತು ಅವನಿಗೆ?"

ಬಾಗಿಲಲ್ಲಿ ನಿಂತಿದ್ದ ಅತ್ತೆ ಅದನ್ನೂ ಕೇಳಿಸಿಕೊಂಡರು. "ಅಳ್ತೆನೂ ಮರ್ತೋಗಿತ್ತಾ ನನ್ ಕಂದಂಗೆ?" ಅಂದು ಒಳಗೆ ಹೋದರು. ಇದ್ದ ಮುಳ್ಳಿನ ಪಕ್ಕ ಇನ್ನೊಂದು.

ನನಗೆ ಮಾತ್ರ ಆ ತಪ್ಪು ಹೊಂದಲಿಲ್ಲ. ಹೆಸರು ಮರೆಯಬಹುದು, ದಿನ ಮರೆಯಬಹುದು. ಚಪಾತಿಯ ಅಂಚಿನಲ್ಲಿ ಒಂದೂವರೆ ಮಿಲಿಮೀಟರಿನ ವ್ಯತ್ಯಾಸ ಹಿಡಿಯುವವನು ಹದಿಮೂರು ಮಿಲಿಮೀಟರ್ ತಪ್ಪುತ್ತಾನಾ? ಜ್ವರದ ಮಂಪರಿನಲ್ಲೂ ನರ್ಸ್ ತಂದ ಥರ್ಮಾಮೀಟರನ್ನು ಬೆಳಕಿಗೆ ಹಿಡಿದು, "ನೀವು ಕಾಲು ಡಿಗ್ರಿ ಜಾಸ್ತಿ ಓದಿದ್ರಿ ಸಿಸ್ಟರ್" ಅಂದವನು ಅವನು. ಮರುದಿನ ಬೆಳಿಗ್ಗೆ ತಿಂಡಿ ಮುಗಿಸಿ, ಗಾಲಿಯನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಆಟೋ ಹತ್ತಿದೆ.

ಬೆಳ್ಳಂದೂರಿನ ಹತ್ತಿರ ಅವನ ಸೈಕಲ್ ಗೆಳೆಯ ಜಗದೀಶನ ಅಂಗಡಿ ಇದೆ. ಆವತ್ತು ಕೆರೆಯ ಕೋಡಿಯಲ್ಲಿ ನೊರೆ ಎದ್ದಿತ್ತು. ಗಾಳಿಗೆ ತುಂಡು ತುಂಡಾಗಿ ಹಾರಿ ಬಂದು ಬಸ್ಸಿನ ಗಾಜಿಗೆ, ಹೂವಿನ ಗಾಡಿಗೆ, ನನ್ನ ಮಡಿಲಿನ ಬೆಡ್‌ಶೀಟಿಗೆ ಅಂಟುತ್ತಿತ್ತು. ದೂರದಿಂದ ನೋಡಿದರೆ ಮಲ್ಲಿಗೆ ರಾಶಿ, ಹತ್ತಿರ ಬಂದರೆ ಮೂಗು ಮುಚ್ಚಬೇಕು. "ಏನಕ್ಕ, ಹರಿವಾಣನಾ?" ಅಂದ ಆಟೋದವನು ಗಾಲಿ ನೋಡಿ. ಹೂಂ ಅಂದೆ. ವಿವರಿಸುವ ಶಕ್ತಿ ಇರಲಿಲ್ಲ.

ಜಗದೀಶ ನನ್ನನ್ನು ನೋಡಿ ಎದ್ದು ನಿಂತ. ಬೆಡ್‌ಶೀಟು ಬಿಚ್ಚಿದ ಕೂಡಲೇ ಅವನ ಕೈ ಗಾಲಿಯ ಮೇಲೆ ನಿಂತುಬಿಟ್ಟಿತು.

"ಬಂದ್ಬಿಡ್ತಾ ಇದು?" ಅಂದ ಮೆಲ್ಲಗೆ.

"ಅವನ ಸೈಕಲ್ಲಿಗೆ ಕೂರ್ತಿಲ್ಲಪ್ಪ. ತಪ್ಪು ತರಿಸಿದಾನೆ ಅಂತಾರೆ ನಮ್ಮವರು."

"ತಪ್ಪಾ? ಪ್ರಸನ್ನನಾ?" ಅವನಿಗೆ ನಗು ಬಂತು, ನಗುವಾಗಲೇ ಕಣ್ಣು ತುಂಬಿತು. "ಇದು ಆ ಸೈಕಲ್ಲಿಗಲ್ಲ ಅಕ್ಕ. ಹೊಸದಕ್ಕೆ."

"ಯಾವ ಹೊಸದು?"

"ಹೊಸ ಸೈಕಲ್ ಕೂಡಿಸ್ತಿದ್ದ. ಆಸ್ಪತ್ರೆಯಿಂದ ದಿನಾ ಫೋನು. 'ಮಗಾ, ಬೂಸ್ಟ್ ಫ್ರೇಮ್ ಯಾವ್ದು ಬರ್ತಿದೆ ನೋಡು. ಗಾಲಿ ಈಗ್ಲೇ ತರ್ಸ್ತೀನಿ, ಫ್ರೇಮ್ ಕಾಲಿಗೆ ಬಲ ಬಂದ್ಮೇಲೆ' ಅಂತ. ನಾನು, ಗುರು, ತುಂಬ ತೆಳ್ಳಗಾಗಿದೀಯ, ಸಣ್ಣ ಸೈಜ್ ಫ್ರೇಮ್ ಸಾಕಾಗುತ್ತೆ ಅಂತ ರೇಗಿಸಿದೆ. 'ತೂಕ ವಾಪಸ್ ಬರುತ್ತೆ ಕಣೋ, ಮೀಡಿಯಮ್ಮೇ ಹೇಳು' ಅಂದ. ಹಸಿರು ಬಣ್ಣ ಬೇಡ್ವಂತೆ. ನಮ್ಮತ್ತಿಗೆ ಅಡುಗೆಮನೆ ಗೋಡೆ ಥರ ಇದೆ ಅಂತಾರೆ ಅಂದ."

ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ಗಾಲಿ ಮೊದಲು, ಫ್ರೇಮ್ ಕೊನೆಗೆ. ಅವನ ಎಂದಿನ ರೀತಿ. ಮನೆಯವರಾದ ನಮಗೇ ಹೊಳೆಯಲಿಲ್ಲ ನೋಡಿ. ಹೊಂದದ ಗಾಲಿ ತಪ್ಪಿನಿಂದ ಬಂದದ್ದಲ್ಲ, ಅದು ಹೊಂದಬೇಕಾದದ್ದು ಇನ್ನೂ ಬಂದಿರಲಿಲ್ಲ.

"ಅವನಿಗೆ ಗೊತ್ತಿತ್ತಾ ಜಗ?" ಅಂದೆ. ಏನು ಅಂತ ಹೇಳಬೇಕಾಗಲಿಲ್ಲ.

ಅವನು ಕಡ್ಡಿಗಳ ಮೇಲೆ ಬೆರಳಾಡಿಸಿದ. "ನಂಗೆ ಗೊತ್ತಿತ್ತು ಅಕ್ಕ. ಅಣ್ಣ ಹೇಳಿದ್ರು. ಅವನಿಗೆ ಗೊತ್ತಿರ್ಲಿಲ್ಲ. ಬೆಟ್ಟಕ್ಕೆ ಹೋಗೋಕೆ ಚಳಿಗಾಲ ಒಳ್ಳೇದೋ ಮಳೆ ನಿಂತ ಕೂಡ್ಲೇ ಒಳ್ಳೇದೋ ಅಂತ ನನ್ನ ಹತ್ರ ಜಗಳ ಆಡಿದಾನೆ. ನಾಟಕ ಆಡೋನು ಅಷ್ಟು ಜಗಳ ಆಡಲ್ಲ."

ವಾಪಸು ಬರುವಾಗ ದಾರಿಯುದ್ದಕ್ಕೂ ಗಾಲಿಯನ್ನು ಎದೆಗೆ ಅವುಚಿಕೊಂಡಿದ್ದೆ. ಅಷ್ಟು ತಿಂಗಳು ನಾನು ಒಂದು ಗಟ್ಟಿ ಜೀವವನ್ನು ನೆನೆದು ಸಮಾಧಾನ ಮಾಡಿಕೊಂಡಿದ್ದೆ, ಎಲ್ಲ ತಿಳಿದು ನಕ್ಕವನು ಅಂತ. ಈಗ ಅವನು ಏನೂ ತಿಳಿಯದೆ ನಕ್ಕವನಾದ. ಮೀಡಿಯಂ ಫ್ರೇಮಿಗೆ, ಮಳೆ ನಿಲ್ಲುವುದಕ್ಕೆ, ಹಸಿರಲ್ಲದ ಒಂದು ಬಣ್ಣಕ್ಕೆ ಕಾದವನಾದ. ಯಾವುದರಲ್ಲಿ ನೋವು ಹೆಚ್ಚು? ನೀವೇ ಹೇಳಿ. ನನಗೆ ಇವತ್ತಿಗೂ ಬಗೆಹರಿದಿಲ್ಲ. ಅತ್ತೆಗೆ ಹೇಳುವುದೋ ಬೇಡವೋ ಅಂತ ಕುಂದಲಹಳ್ಳಿ ಗೇಟಿನವರೆಗೂ ತೂಗಿದೆ. ಅಲ್ಲಿ ಟ್ರಾಫಿಕ್ಕಿನಲ್ಲಿ ನಿಂತಾಗ, ಹೇಳದೆ ಇಟ್ಟುಕೊಳ್ಳಲು ಇದು ನನ್ನದಲ್ಲ ಅನ್ನಿಸಿತು.

ಅತ್ತೆ ಹಿತ್ತಲಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತು, ಮೊದಲಿಂದ ಕೊನೆಯವರೆಗೂ ಹೇಳಿದೆ. ಅವರ ಕೈ ನಿಲ್ಲಲಿಲ್ಲ. ನಾನು ಮುಗಿಸಿದ ಮೇಲೆ ಕೇಳಿದರು:

"ಮಿಕ್ಕಿದ್ದೆಲ್ಲ ಬಂದು ಸೈಕಲ್ಲು ಆಗಕ್ಕೆ ಎಷ್ಟ್ ದಿನ ಬೇಕಿತ್ತು?"

"ಅವನು ತರಿಸೋ ರೀತಿಗೆ ಒಂದು ವರ್ಷವಾದ್ರೂ ಬೇಕಿತ್ತು ಅತ್ತೆ."

"ಒಂದ್ ವರ್ಸ." ಬೀಜವೊಂದನ್ನು ಬೆರಳ ನಡುವೆ ತಿರುಗಿಸಿದರು. "ಅಂಗಾರೆ ಮುಂದಿನ್ ವರ್ಸ ಅಂದಿದ್ದು ನಾಟ್ಕ ಅಲ್ಲ."

"ಅಲ್ಲ ಅತ್ತೆ."

"ಎದ್ರಿರ್ಲಿಲ್ಲ."

"ಇಲ್ಲ."

"ಅಳ್ತೆ ಮರ್ತಿರ್ಲಿಲ್ಲ."

"ಇಲ್ಲ ಅತ್ತೆ. ಸರಿಯಾಗೇ ತರಿಸಿದ್ದ."

ಆಗ ಅತ್ತರು. ಹುಣಸೆ ಅಂಟಿದ ಕೈಯನ್ನು ಕಣ್ಣಿಗೆ ಒತ್ತಲಾರದೆ, ಎರಡೂ ಕೈ ಗಾಳಿಯಲ್ಲಿ ಎತ್ತಿ ಹಿಡಿದುಕೊಂಡು, ಮಕ್ಕಳ ಹಾಗೆ ಬಾಯಿ ತೆರೆದು ಅತ್ತರು. ನಾನು ನನ್ನ ಸೆರಗಿನಿಂದ ಅವರ ಮುಖ ಒರೆಸುತ್ತಲೇ ಇದ್ದೆ, ಅದು ಒದ್ದೆಯಾಗುತ್ತಲೇ ಇತ್ತು. ಬಹಳ ಹೊತ್ತಾದ ಮೇಲೆ, ಮೂಗು ಕಟ್ಟಿದ ದನಿಯಲ್ಲಿ ಅಂದರು: "ಅಳೇ ಸೈಕಲ್ಲು ಬ್ಯಾಡ. ಗಾಲಿ ಒಂದನ್ನೇ ಎಡೆಗೆ ಮಡಗು. ಅದು ಮುಕ್ಕಲ್ಲ."

ತಿಥಿಯ ದಿನ ಬಾಳೆಲೆಯ ಹಿಂದೆ, ಅವನ ಫೋಟೊದ ಪಕ್ಕ ಗೋಡೆಗೆ ಗಾಲಿ ಒರಗಿಸಿದೆವು. ಎಲೆಯಲ್ಲಿ ಮುದ್ದೆ, ಹುರುಳಿ ಸಾರು, ಕಡುಬು, ಅಂಚು ದಪ್ಪವಾದ ನನ್ನ ಚಪಾತಿ. ಅತ್ತೆ ಗಾಲಿಯ ನಡುವಿಗೆ ವಿಭೂತಿ ಹಚ್ಚಿ ಒಂದು ಕಣಗಿಲೆ ಹೂ ಸಿಕ್ಕಿಸಿದರು. ಬಂದ ನೆಂಟರೊಬ್ಬರು, "ಸೈಕಲ್ಲು ಎಲ್ಲಿ?" ಅಂದರು. ನಮ್ಮವರು ಕೆಂಡ ತಂದಿಟ್ಟರು. ಧೂಪ ಹಾಕಿ, ನೀರು ಸುತ್ತುಗಟ್ಟಿ ಎಲ್ಲರೂ ಹೊರಗೆ ಬಂದೆವು. ಹೋದ ಜೀವ ಬಂದು ಉಣ್ಣಲಿ ಅಂತ ಆ ಕೋಣೆಯ ಬಾಗಿಲನ್ನು ಸ್ವಲ್ಪ ಹೊತ್ತು ಮುಚ್ಚಿಡುವುದು ನಮ್ಮ ಪದ್ಧತಿ. ಯಾರೂ ಒಳಗೆ ಇಣುಕಬಾರದು, ಮಾತಾಡಬಾರದು. ಹಜಾರದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಹೊರಗೆ ರಸ್ತೆಯಲ್ಲಿ ಕಂಪನಿ ಬಸ್ಸುಗಳು ಹೋಗುತ್ತಿದ್ದವು.

ಸಾಮಾನ್ಯವಾಗಿ ಇಡುವ ಹೊತ್ತಿಗಿಂತ ಹೆಚ್ಚೇ ಆಯಿತು. ಊಟಕ್ಕೆ ಕಾದು ಕೂತ ನೆಂಟರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ನಮ್ಮವರು ಎದ್ದು ಹೋಗಿ ಚಿಲಕಕ್ಕೆ ಕೈ ಹಾಕಿದರು.

ಅತ್ತೆ ಅವರ ಮುಂಗೈ ಹಿಡಿದುಕೊಂಡರು.

"ತಾಳೋ, ಏನವಸ್ರ. ಓಗೋ ಮನ್ಸೇ ಇರ್ಲಿಲ್ಲ ಕಣೋ ಅವ್ನಿಗೆ."

ನಮ್ಮವರು ಚಿಲಕದಿಂದ ಕೈ ತೆಗೆದರು.